ಗಪ್ಪಿಯ ಬಣ್ಣ

ಅಂಡಜಗಳೆಂದು ಹಿಂದಿನವರು ವಿಂಗಡಿಸಿದ ಮತ್ಸ್ಯಕುಲದಲ್ಲಿ ಜನಿಸಿಯೂ ಮೊಟ್ಟೆಯಿಡದೆ, ಹುಟ್ಟಿದ ಗಳಿಗೆಯಿಂದಲೇ ಈಜಬಲ್ಲ, ಉಣ್ಣಬಲ್ಲ, ಆಪತ್ತು ಕಂಡರೆ ಅವಿತುಕೊಳ್ಳಬಲ್ಲ ಮರಿಗಳನ್ನು ಹಾಕುವ ಮೀನುಗಳು ಕೆಲವುಂಟು. ಬಣ್ಣದ ಮೀನಿನ ಅಂಗಡಿಗಳಲ್ಲಿ ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಂಬ ಹೆಸರುಗಳಿಂದ ದೊರೆಯುವ ನಾಲ್ಕೂ ಅಂಥವೇ. ನಾಲ್ಕೂ ಒಂದೇ ಕುಟುಂಬದವು, ನಾಲ್ಕರ ತವರೂ ಅಮೆರಿಕ ಖಂಡ. ಇವುಗಳಲ್ಲಿ ಗಪ್ಪಿಯೊಂದನ್ನೇ ಆರಿಸಿಕೊಂಡು ಇಲ್ಲಿ ಬರೆಯಹೊರಟಿರುವುದಕ್ಕೆ ಕಾರಣವಿದೆ. ಬಣ್ಣವೆಂಬುದು ಪ್ರಾಣಿಗೆ ಏಕೆ ಒದಗುತ್ತದೆ, ಅದಕ್ಕೆ ಪ್ರಾಣಿಯು ಯಾವ ಬೆಲೆ ತೆರುತ್ತದೆ ಎಂಬುದನ್ನು ಈ ಅಂಗುಲದ ಜೀವಿಯಷ್ಟು ಸ್ಪಷ್ಟವಾಗಿ ನಮಗೆ ತಿಳಿಸಿಕೊಟ್ಟ ಪ್ರಾಣಿಗಳು ವಿರಳ.

ಟ್ರಿನಿಡಾಡ್ ದ್ವೀಪವೂ ಅದರೆದುರಿನ ವೆನಿಜುವೆಲಾ, ಗಯಾನಾ ಮೊದಲಾದ ದೇಶಗಳೂ ಗಪ್ಪಿಯ ಸ್ವಂತ ನೆಲ. ವೆನಿಜುವೆಲಾದಿಂದ ಬಂದ ಮಾದರಿಗಳನ್ನು ಪರೀಕ್ಷಿಸಿ ಬರ್ಲಿನ್ನಿನ ವಿಲ್ಹೆಲ್ಮ್ ಪೀಟರ್ಸ್ 1859ರಲ್ಲಿ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟನು. ಟ್ರಿನಿಡಾಡ್‌ನಲ್ಲಿ ನೆಲಸಿದ್ದ ಲೆಚ್‌ಮಿಯರ್ ಗಪ್ಪಿ ಎಂಬಾತನು ಲಂಡನ್ನಿಗೆ ಕಳುಹಿಸಿಕೊಟ್ಟ ಮೀನುಗಳಿಗೆ ಆಲ್ಬರ್ಟ್ ಗುಂಥರ್ 1866ರಲ್ಲಿ ಆತನ ಹೆಸರನ್ನೇ ಇಟ್ಟನು. ಶಾಸ್ತ್ರದಲ್ಲಿ ಮೊದಲಿನ ಹೆಸರು ನಿಂತಿತು, ಬಳಕೆಯಲ್ಲಿ ಎರಡನೆಯದು ಉಳಿಯಿತು.

ಗಾಜಿನ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಸಾಕು, ಗಂಡು ಹೆಣ್ಣುಗಳ ಭೇದ ಯಾರಿಗಾದರೂ ತಿಳಿಯುತ್ತದೆ. ಹೆಣ್ಣು ದೊಡ್ಡದು, ತೊರೆಯ ಮೂಲ ಗಪ್ಪಿಯಲ್ಲಿ ಅದರ ಮೈ ಬರಿಯ ಬೂದುಬಣ್ಣ. ಗಂಡು ಮೂರು ಸೆಂಟಿಮೀಟರಿನ ಆಸುಪಾಸಿನ ಸಣ್ಣ ಜೀವ. ಅದರ ಮೈಮೇಲೆ ಕಿತ್ತಳೆ, ಕಪ್ಪು, ನೀಲಿ, ಹಸುರಿನ ಚುಕ್ಕೆಗಳು ಎಷ್ಟು ಬಗೆಯಾಗಿ ಹರಡಿರುತ್ತವೆಂದರೆ ಒಂದೇ ತೊರೆಯ ಎರಡು ಗಂಡುಗಳು ಒಂದರಂತೊಂದು ಇರುವುದು ಅಪರೂಪ. ಗಂಡಿನ ಗುದ ಈಜುರೆಕ್ಕೆಯು ಕಿರಿದಾಗಿ, ನೀಳವಾಗಿ, ಸಂಯೋಗಾಂಗವಾಗಿ ಮಾರ್ಪಟ್ಟಿದೆ. ಗಂಡು ಹೆಣ್ಣಿನ ಮುಂದೆ ಬಂದು, ಬಾಲವನ್ನೂ ಬೆನ್ನಿನ ರೆಕ್ಕೆಯನ್ನೂ ಹರಡಿ, ಮೈಯನ್ನು ಬಳುಕಿಸಿ, ಆ ಬಳುಕಿನಲ್ಲಿಯೇ ನಡುಗುತ್ತ ಕ್ಷಣಕಾಲ ನಿಲ್ಲುತ್ತದೆ. ಹೆಣ್ಣು ಬಹುಮಟ್ಟಿಗೆ ಅದನ್ನು ಲಕ್ಷಿಸದೆ ಮುಂದೆ ಸಾಗುತ್ತದೆ. ಗಂಡು ಮತ್ತೆ ಸುತ್ತಿ ಬಂದು ಮತ್ತೆ ಅದೇ ನೃತ್ಯವನ್ನು ಆರಂಭಿಸುತ್ತದೆ.

ಬಸುರಿಯ ಗುದ ಈಜುರೆಕ್ಕೆಯ ಮೇಲುಗಡೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ದಿನ ತುಂಬಿದಂತೆ ಅದು ಹಿಗ್ಗಿ ಗಾಢವಾಗುವುದಲ್ಲದೆ, ತಿಳಿಬಣ್ಣದ ಹೆಣ್ಣಾದರೆ ತೆಳುವಾದ ಚರ್ಮದ ಹಿಂದೆ ಹುಟ್ಟಲಿರುವ ಮರಿಗಳ ಕಣ್ಣುಗಳೇ ಚುಕ್ಕೆಗಳಾಗಿ ತೋರುವುದೂ ಉಂಟು. ಮರಿ ಹಾಕುವುದೆಂದಮಾತ್ರಕ್ಕೆ ಇದು ಹಸು ಕುರಿಗಳ ಗರ್ಭದಂಥದಲ್ಲ. ಭ್ರೂಣವು ಮುಖ್ಯವಾಗಿ ಮೊಟ್ಟೆಯೊಳಗಿನ ಆಹಾರಭಂಡಾರವನ್ನೇ ಉಂಡು ಬೆಳೆಯುತ್ತದೆ, ಆ ಮೊಟ್ಟೆಯು ತಾಯಿಯ ಒಡಲಿನಲ್ಲಿಯೇ ಒಡೆಯುತ್ತದೆ, ಅಷ್ಟೆ. ಸುಮಾರು ನಾಲ್ಕು ವಾರ ಕಳೆದ ಮೇಲೆ ಹೆಣ್ಣು ಗುಂಪಿನಿಂದ ದೂರವಾಗಿ ಗಿಡಗಳ ಮರೆಯನ್ನರಸುತ್ತದೆ. ಮರಿಯು ಮಡಿಸಿಕೊಂಡ ಸ್ಥಿತಿಯಲ್ಲಿ ಹೊರಬಿದ್ದು, ತಳದ ಕಡೆಗೆ ಇಳಿದು, ಮೈಬಿಚ್ಚಿ, ಸ್ವಲ್ಪ ಹೊತ್ತಿನಲ್ಲಿ ಮೇಲಕ್ಕೇರಿ ಬಂದು ತನ್ನ ಗಾಳಿಚೀಲವನ್ನು ತುಂಬಿಕೊಳ್ಳುತ್ತದೆ. ಒಂದು ಹೆರಿಗೆಯಲ್ಲಿ ಇಪ್ಪತ್ತರಿಂದ ಅರವತ್ತು ಮರಿಗಳು ಸಾಮಾನ್ಯ. ಅವು ಹುಟ್ಟಿದೊಡನೆ ಎದುರಿಸಬೇಕಾದ ಮೊದಲ ಶತ್ರು ಅವುಗಳ ತಾಯಿಯೇ. ಹಸಿದ ತಾಯಿಗೆ ಮರಿಯೂ ಆಹಾರವೇ. ಆದಕಾರಣ ತೊಟ್ಟಿಯಲ್ಲಿ ದಟ್ಟವಾದ ಜಲಸಸ್ಯಗಳಿಲ್ಲದೆ ಗಪ್ಪಿಯ ಸಂಸಾರ ಬೆಳೆಯಲಾರದು.

ಹೆಣ್ಣು ಒಮ್ಮೆ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಒಡಲಿನಲ್ಲಿ ಕಾಪಿಟ್ಟುಕೊಳ್ಳಬಲ್ಲುದು. ಅಂಗಡಿಯಿಂದ ಒಂಟಿ ಹೆಣ್ಣನ್ನು ತಂದವರ ತೊಟ್ಟಿಯಲ್ಲಿ, ಗಂಡಿನ ಸುಳಿವೇ ಇಲ್ಲದೆ, ಒಂದರ ಹಿಂದೊಂದು ಹಲವು ಹೆರಿಗೆಗಳಾಗುವುದಕ್ಕೆ ಇದೇ ಕಾರಣ. ಬಣ್ಣದ ಆನುವಂಶಿಕತೆ ಇನ್ನೂ ಕುತೂಹಲಕರ. ಗಂಡಿನ ಮೈಯ ಒಂದು ಕಪ್ಪು ಚುಕ್ಕೆ ತಂದೆಯಿಂದ ಮಗನಿಗೆ ಮಾತ್ರವೇ ಇಳಿದುಬರುವುದನ್ನು ಡೆನ್ಮಾರ್ಕಿನ ಯೊಹಾನೆಸ್ ಶ್ಮಿತ್ 1920ರಲ್ಲಿ ತೋರಿಸಿದನು. ಅದೇ ದೇಶದ ವಿಂಗೆ ಎಂಬ ವಿಜ್ಞಾನಿ ಮುಂದಿನ ವರ್ಷಗಳಲ್ಲಿ ಆ ಕೆಲಸವನ್ನು ಬೆಳೆಸಿ, ಗಂಡುಗಳಲ್ಲಿ ಮಾತ್ರ ಇರತಕ್ಕ ವೈ ವರ್ಣತಂತುವಿನಲ್ಲಿ ಇಂಥ ಹಲವು ಲಕ್ಷಣಗಳು ಅಡಗಿವೆಯೆಂದು ಸ್ಥಾಪಿಸಿದನು.

ಆದರೆ ಈ ಬಣ್ಣ ಏತಕ್ಕಾಗಿ? ಟ್ರಿನಿಡಾಡಿನ ಉತ್ತರದ ಬೆಟ್ಟಸಾಲಿನಿಂದ ಇಳಿಯುವ ತೊರೆಗಳಲ್ಲಿ ಅಲ್ಲಲ್ಲಿ ಜಲಪಾತಗಳಿವೆ. ಜಲಪಾತದ ಕೆಳಗಿನ ಮಡುಗಳಲ್ಲಿ, ಬಲಿತ ಗಪ್ಪಿಯನ್ನೇ ನುಂಗಬಲ್ಲ ದೊಡ್ಡ ಭಕ್ಷಕ ಮೀನುಗಳಿವೆ. ಅವು ಜಲಪಾತವನ್ನೇರಲಾರವಾದುದರಿಂದ ಮೇಲಿನ ಮಡುಗಳಲ್ಲಿ ಮುಖ್ಯವಾಗಿ ಮರಿಗಳಿಗಷ್ಟೇ ಅಪಾಯಕಾರಿಯಾದ ಒಂದು ಚಿಕ್ಕ ಮೀನು ಮಾತ್ರ ವಾಸಿಸುತ್ತದೆ. ಕೆಳಗಿನ ಗಪ್ಪಿಗಳು ಮಂಕು, ಮೇಲಿನವು ಉಜ್ಜ್ವಲ. ಜಾನ್ ಎಂಡ್ಲರ್ ಎಂಬ ವಿಜ್ಞಾನಿ 1976ರಲ್ಲಿ ಕೆಳಗಿನ ಮಂಕು ಗಪ್ಪಿಗಳನ್ನು ಹಿಡಿದು, ಅಲ್ಲಿಯವರೆಗೆ ಗಪ್ಪಿಗಳೇ ಇರದಿದ್ದ, ದೊಡ್ಡ ಭಕ್ಷಕಗಳೂ ಇಲ್ಲದ ಒಂದು ಉಪತೊರೆಗೆ ಬಿಟ್ಟನು. ಸುಮಾರು ಎರಡು ವರ್ಷಗಳ ಮೇಲೆ ಹೋಗಿ ನೋಡಿದಾಗ ಅವುಗಳ ಸಂತತಿಯ ಗಂಡುಗಳು ಮೂಲದವಕ್ಕಿಂತ ಹೆಚ್ಚು ಬಣ್ಣ ತಳೆದಿದ್ದವು. ಕೃತಕ ಕೊಳಗಳಲ್ಲಿ ನಡೆಸಿದ ಪ್ರಯೋಗಗಳೂ ಅದನ್ನೇ ಸಾರಿದವು: ಭಕ್ಷಕವನ್ನು ಸೇರಿಸಿದಲ್ಲಿ ಚುಕ್ಕೆಗಳು ಪೀಳಿಗೆಯಿಂದ ಪೀಳಿಗೆಗೆ ಕುಗ್ಗಿದವು, ಸೇರಿಸದಲ್ಲಿ ಹೆಚ್ಚಿದವು. 1980ರಲ್ಲಿ ಪ್ರಕಟವಾದ ಆ ಫಲಿತಾಂಶವು ನಿಸರ್ಗದ ಆಯ್ಕೆಯನ್ನು ಒಬ್ಬ ಮನುಷ್ಯನ ಜೀವಿತಕಾಲದಲ್ಲಿಯೇ ಕಣ್ಣಾರೆ ಕಾಣಬಹುದೆಂಬುದಕ್ಕೆ ಇಂದಿಗೂ ಶ್ರೇಷ್ಠ ನಿದರ್ಶನಗಳಲ್ಲೊಂದು. ಹೆಣ್ಣು ಬಣ್ಣವನ್ನು ಮೆಚ್ಚುತ್ತದೆ, ಅದರಲ್ಲಿಯೂ ಕಿತ್ತಳೆಯನ್ನು. ಭಕ್ಷಕವೂ ಅದೇ ಬಣ್ಣವನ್ನು ಗುರುತಿಸುತ್ತದೆ. ಈ ಎರಡು ಜೊತೆ ಕಣ್ಣುಗಳ ನಡುವಣ ಒಪ್ಪಂದವೇ ಪ್ರತಿಯೊಂದು ತೊರೆಯ ಗಂಡಿನ ವೇಷ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಮನೆಯ ತೊಟ್ಟಿಯು ಭಕ್ಷಕವಿಲ್ಲದ ಮಡು. ಅಲ್ಲಿ ಆಯ್ಕೆಯ ಅಧಿಕಾರವೆಲ್ಲ ಸಾಕುವವನ ಕೈಗೆ ಬಂದಿದೆ. ತಳಿಗಾರರು ಆ ಅಧಿಕಾರವನ್ನು ಚಲಾಯಿಸಿ, ಮೈಗಿಂತ ಬಾಲವೇ ದೊಡ್ಡದಾದ ಗಪ್ಪಿಗಳನ್ನು ನಿರ್ಮಿಸಿದ್ದಾರೆ. ಅವು ಸುಂದರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಬಾಲದ ಭಾರದಿಂದ ಈಜಲು ಏದುವ, ನೀರಿನ ಸೆಳೆತಕ್ಕೆ ಎದುರು ನಿಲ್ಲಲಾರದ ಮೀನನ್ನು ಕಂಡಾಗ, ಸಾಧಾರಣ ಬಾಲದ ಚುರುಕಾದ ಗಪ್ಪಿಯೇ ಮೇಲೆಂದು ನನ್ನ ಮನಸ್ಸು ಹೇಳುತ್ತದೆ.

ಸಾಕುವ ಕ್ರಮ ಕಠಿಣವಲ್ಲ. ನಲವತ್ತು ಲೀಟರಿನ ತೊಟ್ಟಿ, ಇಪ್ಪತ್ತೆರಡರಿಂದ ಇಪ್ಪತ್ತೆಂಟು ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಒಂದು ಗಂಡಿಗೆ ಎರಡು ಮೂರು ಹೆಣ್ಣು; ಇಲ್ಲವಾದರೆ ಗಂಡುಗಳ ಕಾಟದಿಂದ ಹೆಣ್ಣು ಸೊರಗುತ್ತದೆ. ಗಪ್ಪಿಗೆ ತುಸು ಗಡಸು ನೀರೇ ಹಿತವಾದ್ದರಿಂದ ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಅದಕ್ಕೆ ಬಹಳಮಟ್ಟಿಗೆ ಒಗ್ಗುತ್ತದೆ. ನಲ್ಲಿಯ ನೀರಾದರೆ ಕ್ಲೋರೀನು ಹಾರಿಹೋಗುವಂತೆ ಒಂದು ದಿನ ತೆರೆದಿಟ್ಟು ಬಳಸಬೇಕು. ಹೊಸಬರ ಮೀನುಗಳು ಸಾಯುವುದು ಸಾಮಾನ್ಯವಾಗಿ ರೋಗದಿಂದಲ್ಲ, ಆತುರದಿಂದ. ಮೀನಿನ ಮಲದಿಂದಲೂ ಉಳಿದ ತಿನಿಸಿನಿಂದಲೂ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ಬಹುಪಾಲು ನಿರುಪದ್ರವಿಯಾದ ನೈಟ್ರೇಟ್ ಆಗಿಸುತ್ತವೆ. ಫಿಲ್ಟರಿನಲ್ಲಿಯೂ ಜಲ್ಲಿಯಲ್ಲಿಯೂ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ತಾಳ್ಮೆಯಿಂದಿದ್ದು, ಆಮೇಲೆ ಕೆಲವೇ ಮೀನುಗಳಿಂದ ಆರಂಭಿಸಿ, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ತಿನಿಸು ಹಾಕುವವನ ತೊಟ್ಟಿಯಲ್ಲಿ ದುರ್ವಾಸನೆಯೂ ಇರದು, ಸಾವೂ ವಿರಳ.

ಉಳಿಯುವುದು ಸಂತಾನದ ಸಮಸ್ಯೆ. ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯ್ತಂದೆಗಳಾಗುವುದರಿಂದ, ಒಂದು ವರ್ಷದೊಳಗೆ ಮೀನುಗಳನ್ನು ಎಲ್ಲಿಡುವುದೆಂಬ ಚಿಂತೆ ಹುಟ್ಟುತ್ತದೆ. ಹತ್ತಿರದ ಕೆರೆಗೆ ಬಿಟ್ಟುಬಿಡೋಣವೆಂಬ ಯೋಚನೆಯೂ ಬರುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನುವ ಗುಣದಿಂದಾಗಿ ಗಪ್ಪಿಯು ನಮ್ಮ ನಾಡಿಗೆ ಉಪಕಾರ ಮಾಡಿದೆ, ನಿಜ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳ ಬಾವಿಗಳಿಗೆ ಇದನ್ನು ಬಿಟ್ಟು ಮಲೇರಿಯಾವನ್ನು ತಗ್ಗಿಸಿದ್ದುಂಟು. ಆದರೆ ಬಾವಿ ಬೇರೆ, ಕೆರೆ ಹೊಳೆಗಳು ಬೇರೆ. ಬಾವಿ ಬಹುಮಟ್ಟಿಗೆ ಮುಚ್ಚಿದ ಜಾಗ. ಹರಿಯುವ ನೀರಿಗೆ ಬಿಟ್ಟ ಗಪ್ಪಿಯನ್ನು ಮರಳಿ ಹಿಡಿಯುವುದು ಯಾರಿಂದಲೂ ಆಗದು, ಅದು ಅಲ್ಲಿಯ ದೇಶೀಯ ಮೀನುಗಳ ಮೊಟ್ಟೆ ಮರಿಗಳನ್ನು ತಿಂದು, ಅವುಗಳ ಆಹಾರಕ್ಕೂ ಪಾಲುಗಾರನಾಗುತ್ತದೆ. ಆದುದರಿಂದ ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಮರಿಗಳಿಗೆ ಮೂರು ನಾಲ್ಕು ವಾರ ತುಂಬುವಷ್ಟರಲ್ಲಿ ಗಂಡು ಹೆಣ್ಣುಗಳನ್ನು ಬೇರ್ಪಡಿಸಿರಿ, ಹೆಚ್ಚಾದುದನ್ನು ನೆರೆಯವರಿಗೋ ಅಂಗಡಿಗೋ ಕೊಡಿರಿ, ಕೆರೆಗೆ ಮಾತ್ರ ಒಂದನ್ನೂ ಬಿಡಬೇಡಿರಿ.