‘ಸೈಕ್ಸ್’ ಮನೆತನದ ಮೂಲಪುರುಷ

ಒಂದೇ ಅಡ್ಡಹೆಸರುಳ್ಳ ಇಬ್ಬರು ಅಪರಿಚಿತರು ಎಲ್ಲಿಯಾದರೂ ಸಂಧಿಸಿದರೆ, ‘ನಮ್ಮ ನಮ್ಮಲ್ಲಿ ನೆಂಟತನವೇನಾದರೂ ಉಂಟೋ?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾನವ ತಳಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬ್ರಯನ್ ಸೈಕ್ಸ್ ಅವರಿಗೂ ಈ ಪ್ರಶ್ನೆ ಒಮ್ಮೆ ಎದುರಾಯಿತು. ಗ್ಲಾಕ್ಸೊ ಔಷಧ ಸಂಸ್ಥೆಯ ಮುಖ್ಯಸ್ಥರಾಗಿದ್ದವರ ಹೆಸರು ಸರ್ ರಿಚರ್ಡ್ ಸೈಕ್ಸ್. ಇಬ್ಬರಿಗೂ ತಮ್ಮ ನಡುವೆ ಯಾವ ಬಾಂಧವ್ಯವಿದ್ದುದೂ ತಿಳಿದಿರಲಿಲ್ಲ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ; ವಿಜ್ಞಾನಿಯಾದುದರಿಂದ ಬ್ರಯನ್ ಸೈಕ್ಸ್ ಪ್ರಯೋಗಶಾಲೆಯಲ್ಲಿಯೇ ಇದಕ್ಕೆ ಉತ್ತರವನ್ನು ಹುಡುಕಲು ಹೊರಟರು.

ಆ ಉತ್ತರವನ್ನು ಅರಿಯುವ ಮುನ್ನ, ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಹೇಗೆ ಹುಟ್ಟಿದುವೆಂಬುದನ್ನು ನೋಡಬೇಕು. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದಾಗ ಅಲ್ಲಿನ ಜನಕ್ಕೆ ಸಾಮಾನ್ಯವಾಗಿ ಒಂದೇ ಹೆಸರು. ಕಾಲ ಕಳೆದಂತೆ ಊರಿಗೆ ಹತ್ತಾರು ಮಂದಿ ಜಾನ್‌ಗಳು, ಹತ್ತಾರು ಮಂದಿ ವಿಲಿಯಮ್‌ಗಳು ಆದರು. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಕರೆಯಲು ಎರಡನೆಯ ಹೆಸರೊಂದು ಬೇಕಾಯಿತು. ಕಮ್ಮಾರನಾದರೆ ಸ್ಮಿತ್, ಜಾನನ ಮಗನಾದರೆ ಜಾನ್ಸನ್, ಗಿಡ್ಡನಾದರೆ ಶಾರ್ಟ್, ಬೆಟ್ಟದ ಬಳಿ ವಾಸಿಸುವವನಾದರೆ ಹಿಲ್. ಹೀಗೆ ಕಸಬು, ತಂದೆಯ ಹೆಸರು, ಮೈಕಟ್ಟು ಅಥವಾ ಸ್ವಭಾವ, ವಾಸಸ್ಥಳ ಎಂಬ ನಾಲ್ಕು ಮೂಲಗಳಿಂದ ಬಹುಪಾಲು ಹೆಸರುಗಳು ಬಂದುವು. ಮೊದಮೊದಲು ಇವು ಆಯಾ ವ್ಯಕ್ತಿಯೊಡನೆಯೇ ಮುಗಿದುಹೋಗುತ್ತಿದ್ದುವು. ಅನಂತರ ಮಗನು ಕಮ್ಮಾರನಲ್ಲದಿದ್ದರೂ ಸ್ಮಿತ್ ಎಂದೇ ಉಳಿದನು. ದಕ್ಷಿಣದಲ್ಲಿ ಮೊದಲು, ಉತ್ತರದಲ್ಲಿ ತಡವಾಗಿ, ಸುಮಾರು 1400ರ ವೇಳೆಗೆ ಈ ಪದ್ಧತಿ ನೆಲೆಗೊಂಡಿತು.

ಸೈಕ್ಸ್ ಎಂಬುದು ವಾಸಸ್ಥಳದಿಂದ ಬಂದ ಹೆಸರು. ಇಂಗ್ಲೆಂಡಿನ ಉತ್ತರದ ಆಡುಮಾತಿನಲ್ಲಿ ‘ಸೈಕ್’ ಎಂದರೆ ಸಣ್ಣ ತೊರೆ. ಜೌಗು ಬಯಲುಗಳಲ್ಲಿ ಹರಿಯುವ ಇಂತಹ ತೊರೆಗಳು ಹಲವೆಡೆ ಜಮೀನಿನ ಎಲ್ಲೆಗಳೂ ಆಗಿದ್ದುವು. ಅಂತಹ ತೊರೆಯ ದಡದಲ್ಲಿ ಮನೆ ಕಟ್ಟಿಕೊಂಡವನು ಸೈಕ್ಸ್ ಆದನು. ಈ ಹೆಸರಿನ ತವರು ಯಾರ್ಕ್‌ಷೈರಿನ ಪಶ್ಚಿಮ ಭಾಗ. ಹಡರ್ಸ್‌ಫೀಲ್ಡಿನ ಸುತ್ತಮುತ್ತ ಇಂದಿಗೂ ಸೈಕ್ಸ್‌ರು ಹೇರಳವಾಗಿದ್ದಾರೆ. ಆ ಪ್ರದೇಶದಲ್ಲಿ ತೊರೆಗಳಿಗೇನು ಕೊರತೆ? ತೊರೆಗೊಬ್ಬನಂತೆ ಈ ಹೆಸರು ಅನೇಕ ಕಡೆಗಳಲ್ಲಿ ಬೇರೆಬೇರೆಯಾಗಿ ಹುಟ್ಟಿರಬೇಕೆಂದೂ, ಇಂದಿನ ಸೈಕ್ಸ್‌ರಿಗೆ ಹಲವು ಮೂಲಪುರುಷರು ಇರಬೇಕೆಂದೂ ಹೆಸರುಗಳ ಚರಿತ್ರೆಯನ್ನು ಬಲ್ಲವರು ಊಹಿಸಿದ್ದರು. ಈ ಊಹೆಯನ್ನು ಕಾಗದಪತ್ರಗಳಿಂದ ಪರೀಕ್ಷಿಸುವುದು ಕಷ್ಟ. ಏಕೆಂದರೆ ಜನನ, ವಿವಾಹ, ಮರಣಗಳನ್ನು ಚರ್ಚುಗಳಲ್ಲಿ ಬರೆದಿಡಬೇಕೆಂಬ ಆಜ್ಞೆ ಹೊರಟದ್ದೇ 1538ರಲ್ಲಿ. ಅದಕ್ಕೂ ಹಿಂದೆ ಹೋಗಬೇಕಾದರೆ 1379ರ ತಲೆಗಂದಾಯದ ಪಟ್ಟಿಯಂತಹ ಚದರಿದ ದಾಖಲೆಗಳೇ ಗತಿ.

ಆದರೆ ದೇಹದೊಳಗೆ ಬೇರೊಂದು ದಾಖಲೆಯುಂಟು. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ‘ವೈ’ ಎಂಬುದು ಗಂಡಸರಲ್ಲಿ ಮಾತ್ರ ಇರುತ್ತದೆ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಬಹುಮಟ್ಟಿಗೆ ಬದಲಾಗದೆ ಇಳಿದುಬರುತ್ತದೆ. ಇಂಗ್ಲೆಂಡಿನ ಮನೆತನದ ಹೆಸರೂ ಇಳಿದುಬರುವುದು ಇದೇ ದಾರಿಯಲ್ಲಿ! ಈ ವರ್ಣತಂತುವಿನ ಕೆಲವು ಸ್ಥಾನಗಳಲ್ಲಿ ಒಂದು ಸಣ್ಣ ರಾಸಾಯನಿಕ ಅಕ್ಷರಗುಚ್ಛವು ಮತ್ತೆ ಮತ್ತೆ ಆವರ್ತಿಸುತ್ತದೆ. ಎಷ್ಟು ಸಲ ಎಂಬುದು ವಂಶದಿಂದ ವಂಶಕ್ಕೆ ಬೇರೆ. ಅಂತಹ ನಾಲ್ಕು ಸ್ಥಾನಗಳ ಎಣಿಕೆಯನ್ನು ಒಟ್ಟಿಗೆ ಬರೆದರೆ ಅದು ಒಂದು ಗುರುತಿನ ಸಂಖ್ಯೆಯಂತಾಗುತ್ತದೆ.

ಬ್ರಯನ್ ಸೈಕ್ಸ್ ಮತ್ತು ಅವರ ಸಹೋದ್ಯೋಗಿ ಕ್ಯಾಥರೀನ್ ಇರ್ವೆನ್ ಯಾರ್ಕ್‌ಷೈರ್, ಲ್ಯಾಂಕಾಷೈರ್, ಚೆಷೈರ್ ಪ್ರಾಂತಗಳ ಸೈಕ್ಸ್‌ರಿಗೆ ಪತ್ರ ಬರೆದು, ಒಪ್ಪಿದವರ ಜೀವಕೋಶಗಳನ್ನು ಸಂಗ್ರಹಿಸಿ, 48 ಮಂದಿಯ ಈ ಗುರುತನ್ನು ಕಂಡುಹಿಡಿದರು. ಮೂಲಪುರುಷರು ಹಲವರಾಗಿದ್ದರೆ ಗುರುತುಗಳೂ ಹಲವು ತೆರನಾಗಿ ಹಂಚಿಹೋಗಿರಬೇಕಷ್ಟೆ. 2000ದಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು. ಹೆಚ್ಚುಕಡಮೆ ಅರ್ಧದಷ್ಟು ಮಂದಿಯಲ್ಲಿ ಒಂದೇ ಗುರುತು! ಹೋಲಿಕೆಗಾಗಿ ಪರೀಕ್ಷಿಸಿದ ಬೇರೆ ಹೆಸರಿನ ಗಂಡಸರಲ್ಲಿ ಯಾರಲ್ಲಿಯೂ ಅದು ಕಾಣಲಿಲ್ಲ. ಪ್ರಾಧ್ಯಾಪಕರೂ ಔಷಧ ಸಂಸ್ಥೆಯ ಮುಖ್ಯಸ್ಥರೂ ಆ ಗುರುತಿನವರೇ ಆಗಿದ್ದರು. ಸುಮಾರು 700 ವರ್ಷಗಳ ಹಿಂದೆ ತೊರೆಯ ದಡದಲ್ಲಿದ್ದ ಒಬ್ಬನೇ ಸೈಕ್ಸ್ ಇವರೆಲ್ಲರ ಪೂರ್ವಜನೆಂಬುದು ಸಂಶೋಧಕರ ತೀರ್ಮಾನ.

ಹಾಗಾದರೆ ಉಳಿದ ಅರ್ಧ ಮಂದಿ? ಸಾಕುಮಗನಾಗಿ ಬಂದವನು, ಮಲತಂದೆಯ ಹೆಸರನ್ನು ಪಡೆದವನು, ತಾಯಿಯ ಮನೆತನದ ಹೆಸರನ್ನು ಹೊತ್ತವನು, ಗುಟ್ಟಾಗಿ ಅನ್ಯನಿಗೆ ಹುಟ್ಟಿದವನು ಇವರೆಲ್ಲರಲ್ಲಿಯೂ ಹೆಸರು ಒಂದು ದಾರಿ, ವರ್ಣತಂತು ಇನ್ನೊಂದು ದಾರಿ ಹಿಡಿಯುತ್ತವೆ. ಇದು ತಲೆಮಾರಿಗೆ ಸರಾಸರಿ ಶೇಕಡಾ 1.3ರಷ್ಟು ಮಾತ್ರವೆಂದು ಅವರು ಅಂದಾಜು ಮಾಡಿದರು.

ಇಲ್ಲಿ ಇನ್ನೊಂದು ಸಾಧ್ಯತೆಯನ್ನೂ ಮರೆಯಬಾರದು. ಹೆಣ್ಣುಮಕ್ಕಳನ್ನು ಮಾತ್ರ ಪಡೆದವನ ಹೆಸರು ಅವನೊಡನೆ ನಿಂತುಹೋಗುತ್ತದೆ. ಹೀಗೆ ಕೇವಲ ಆಕಸ್ಮಿಕದಿಂದಲೇ ಎಷ್ಟು ಮನೆತನಗಳು ಅಳಿಯಬಹುದೆಂಬುದನ್ನು ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ 1874ರಷ್ಟು ಹಿಂದೆಯೇ ಗಣಿತದಿಂದ ವಿವೇಚಿಸಿದ್ದರು. 1348-49ರ ಮಹಾಮಾರಿ ಪ್ಲೇಗು ಇಂಗ್ಲೆಂಡಿನ ಜನರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಬಲಿ ತೆಗೆದುಕೊಂಡಿತು. ಆದುದರಿಂದ ಮೊದಲಿಗೆ ಹಲವರು ಸೈಕ್ಸ್‌ರಿದ್ದು, ಒಬ್ಬನ ಸಂತತಿ ಮಾತ್ರ ಹಬ್ಬಿರಲೂಬಹುದು. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾನಿಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಹೆಸರುಗಳನ್ನು ಪರೀಕ್ಷಿಸಿ, ಇಂತಹ ಆಕಸ್ಮಿಕದ ಕೈವಾಡವನ್ನು ಎತ್ತಿತೋರಿಸಿದರು. ಆಟನ್‌ಬರೊ ಮುಂತಾದ ವಿರಳ ಹೆಸರಿನವರು ಬಹುಮಟ್ಟಿಗೆ ಒಂದೇ ಗುರುತಿನವರು. ಆದರೆ ಊರೂರಿಗೂ ಇದ್ದ ಕಮ್ಮಾರರಿಂದ ಹುಟ್ಟಿದ ಸ್ಮಿತ್‌ರಲ್ಲಿ ಪರಸ್ಪರ ನಂಟು ದಾರಿಹೋಕರಿಗಿಂತ ಹೆಚ್ಚಿಲ್ಲ.

ಹೆಸರು ವಂಶದ ಸಾಕ್ಷಿಯೇ ಎಂದರೆ, ಹೆಸರನ್ನು ನೋಡಿ ಹೇಳಬೇಕಾಗುತ್ತದೆ. ಆದರೆ ಗುರುತು ಹೊಂದದ ಸೈಕ್ಸ್‌ರನ್ನು ಹುಸಿ ಸೈಕ್ಸ್‌ರೆನ್ನುವುದು ಸಲ್ಲದು. ವರ್ಣತಂತು ಹೇಳುವುದು ತಂದೆಯ ತಂದೆ, ಅವನ ತಂದೆ ಎಂಬ ಒಂದೇ ಎಳೆಯ ಕಥೆಯನ್ನು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬನಿಗೂ 1,024 ಪೂರ್ವಜರ ಸ್ಥಾನಗಳಿವೆ. ಈ ಎಳೆ ಮುಟ್ಟುವುದು ಅವುಗಳಲ್ಲಿ ಒಂದನ್ನು ಮಾತ್ರ. ಸಾಕುಮಗನಾಗಿ ಬಂದವನನ್ನು ಆ ಮನೆ ತನ್ನವನೆಂದು ಒಪ್ಪಿಕೊಂಡು ಹೆಸರು ಕೊಟ್ಟದ್ದೂ ಚರಿತ್ರೆಯೇ. ಅದನ್ನು ಯಾವ ವರ್ಣತಂತುವೂ ಬರೆದಿಟ್ಟುಕೊಂಡಿಲ್ಲ. ಆ ಹೆಸರು ಮಾತ್ರ ಉಳಿಸಿಕೊಂಡು ಬಂದಿದೆ.