ಲೋಟದ ಹೊರಗಿನ ನೀರು ಎಲ್ಲಿಂದ ಬಂತು?

ಫ್ರಿಜ್ಜಿನ ತಣ್ಣೀರನ್ನು ಒಣಗಿದ ಸ್ಟೀಲ್ ಲೋಟಕ್ಕೆ ಸುರಿದು ಐದನೇ ತರಗತಿಯ ಮೇಜಿನ ಮೇಲಿಟ್ಟರೆ, ಸ್ವಲ್ಪ ಹೊತ್ತಿಗೆಲ್ಲ ಲೋಟದ ಹೊರಮೈ ಬೆವರುತ್ತದೆ. ಈ ನೀರು ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಲೋಟ ಸೋರ್ತಿದೆ ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ತಂಪು ಹೊರಗೆ ಬಂದು ನೀರಾಯ್ತು ಎನ್ನುವವರೂ ಇರುತ್ತಾರೆ. ಸಾಮಾನ್ಯವಾಗಿ ಮೇಷ್ಟ್ರು ಇಲ್ಲೇ ಅವಸರ ಮಾಡುತ್ತಾರೆ: 'ತಪ್ಪು. ಗಾಳಿಯಲ್ಲಿರುವ ನೀರಾವಿ ತಣ್ಣಗಾಗಿ ಹನಿಯಾಗುತ್ತದೆ, ಇದು ಸಾಂದ್ರೀಕರಣ, ಬರ್ಕೊಳ್ಳಿ.' ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಲೋಟ ಮಾತ್ರ ಅವರ ತಲೆಯೊಳಗೆ ಸೋರುತ್ತಲೇ ಇರುತ್ತದೆ.

ಅವಸರವಿಲ್ಲದ ಮೇಷ್ಟ್ರು ಸೋರುತ್ತದೆ ಎಂಬ ಮಾತನ್ನೇ ಹಿಡಿದುಕೊಳ್ಳುತ್ತಾರೆ. 'ಸರಿ, ಸೋರೋದಾದ್ರೆ ನೀರಿಗೆ ಶಾಯಿ ಹಾಕೋಣ. ಹೊರಗೆ ಯಾವ ಬಣ್ಣದ ನೀರು ಬರಬೇಕು?' ಶಾಯಿ ಹಾಕಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಅಷ್ಟಕ್ಕೇ ಒಪ್ಪದ ಚುರುಕು ಹುಡುಗಿಯೊಬ್ಬಳು ಲೋಟ ಶಾಯಿಯನ್ನು ಸೋಸಿ ಬಿಡುತ್ತದೆ ಎಂದು ವಾದಿಸಬಹುದು. ವಾದ ಚೆನ್ನಾಗಿಯೇ ಇದೆ! ಆಗ ಮುಚ್ಚಳ ಬಿಗಿದ ತಣ್ಣೀರಿನ ಬಾಟಲಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಡಬೇಕು. ಒಳಗಿನ ನೀರೇ ಸೋರಿ ಮೈಗೆ ಅಂಟಿಕೊಂಡಿದ್ದರೆ ತೂಕ ಅಷ್ಟೇ ಇರಬೇಕಿತ್ತು. ತೂಕ ಏರುತ್ತದೆ. ಹಾಗಾದರೆ ಹೊರಗಿನಿಂದ ಏನೋ ಬಂದು ಸೇರಿದೆ. ಇಷ್ಟಾದ ಮೇಲೆ ಸಾಂದ್ರೀಕರಣ ಎಂಬ ಹೆಸರು ಹೇಳಿದರೆ ಅದಕ್ಕೆ ಕೂರಲು ಒಂದು ಜಾಗ ಇರುತ್ತದೆ.

ಚಟುವಟಿಕೆ ಎಂಬ ಪದ ಈಗ ಶಾಲೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಮೇಷ್ಟ್ರು ಮಾಡಿ ತೋರಿಸಿ, ಮಕ್ಕಳು ಚಪ್ಪಾಳೆ ತಟ್ಟಿ ಮುಗಿಯುವುದೂ ಚಟುವಟಿಕೆಯ ಲೆಕ್ಕಕ್ಕೇ ಸೇರಿಬಿಟ್ಟಿದೆ. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಹಚ್ಚಿ ಗಾಜಿನ ಲೋಟ ಕವುಚುವ ಪ್ರಯೋಗವನ್ನೇ ನೋಡಿ. ದೀಪ ಆರುತ್ತದೆ, ನೀರು ಮೇಲೇರುತ್ತದೆ. ಗಾಳಿಯ ಐದರಲ್ಲೊಂದು ಪಾಲು ಆಮ್ಲಜನಕ ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು ಎಂದು ತಲೆಮಾರುಗಳಿಂದ ಹೇಳಿಕೊಡಲಾಗಿದೆ. ಒಂದರ ಬದಲು ಮೂರು ಬತ್ತಿ ಹಚ್ಚಿದರೆ ಅದೇ ಲೋಟದಲ್ಲಿ ನೀರು ಇನ್ನೂ ಮೇಲೇರುತ್ತದೆ. ಆಮ್ಲಜನಕವೇನೂ ಮೂರು ಪಟ್ಟಾಗಿರುವುದಿಲ್ಲ. ಗಮನವಿಟ್ಟು ನೋಡಿದರೆ ನೀರು ಜೋರಾಗಿ ಏರುವುದು ದೀಪ ಆರುವ ಹೊತ್ತಿಗೆ, ಆರಿದ ಮೇಲೆ. ಉರಿಗೆ ಕಾದು ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಮೊದಲೇ ಹೊರಹೋಗಿರುತ್ತದೆ, ಉಳಿದದ್ದು ತಣ್ಣಗಾಗಿ ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಎರಡನೇ ಬತ್ತಿ ಹಚ್ಚಿ ನೋಡೋಣ ಎಂದು ಮಕ್ಕಳಿಗೆ ಬಿಟ್ಟಿದ್ದರೆ ಪಾಠದ ವಿವರಣೆಯ ಹುಳುಕು ಅವರಿಗೇ ಗೊತ್ತಾಗುತ್ತಿತ್ತು.

ಹೀಗೆ ಮಕ್ಕಳ ಕೈಗೇ ಬಿಡುವ ಯತ್ನಗಳು ನಮ್ಮ ದೇಶದಲ್ಲಿ ಹೊಸವಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಕಲಿಕಾ ಕಾರ್ಯಕ್ರಮ ಮೂವತ್ತು ವರ್ಷ ನಡೆಯಿತು. ಅದರ ಪ್ರಭಾವಕ್ಕೆ ಸಿಕ್ಕ ಎಂಜಿನಿಯರ್ ಅರವಿಂದ ಗುಪ್ತ ಸೈಕಲ್ಲಿನ ವಾಲ್‌ಟ್ಯೂಬ್ ತುಂಡು, ಬೆಂಕಿಕಡ್ಡಿಗಳಿಂದ ರೇಖಾಗಣಿತದ ಆಕಾರಗಳನ್ನು ಕಟ್ಟಿಸಿ, ಕಸದಿಂದ ಆಟಿಕೆ ಮಾಡುವ ವಿದ್ಯೆಯನ್ನು ಊರೂರಿಗೆ ಮುಟ್ಟಿಸಿದರು. ಕರ್ನಾಟಕದಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯ ಕೊಠಡಿಗೆ ಹೋದರೆ ಗೋಡೆಯ ಮೇಲೆ ಹವಾಮಾನ ನಕ್ಷೆ ಕಾಣುತ್ತದೆ. ಇವತ್ತು ಬಿಸಿಲೋ ಮೋಡವೋ ಮಳೆಯೋ, ಪುಟಾಣಿಗಳೇ ಗುರುತು ಮಾಡುತ್ತವೆ. ಮೇಲಿನ ತರಗತಿಗೆ ಹೋದ ಮೇಲೆ ಈ ಗುರುತು ಅಂಕಿಯಾಗಬೇಕಿತ್ತು. ಹೆಚ್ಚಿನ ಕಡೆ ಅಲ್ಲಿಗೇ ನಿಂತುಹೋಗುತ್ತದೆ.

ಅಂಕಿಯಾಗಿಸಲು ಖರ್ಚೇನೂ ಇಲ್ಲ. ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಭುಜದ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಬೇಕು. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ತುಂಬಿ, ನೇರ ಗೋಡೆ ಶುರುವಾಗುವ ತನಕ ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಬೇಕು. ಸೊನ್ನೆಯಿಂದ ಮೇಲಕ್ಕೆ ಕಾಗದದ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಇಡುವುದೆಲ್ಲಿ ಎಂಬುದರಲ್ಲೇ ಅರ್ಧ ಪಾಠವಿದೆ. ಸೂರಿನಡಿ ಇಟ್ಟರೆ ಮಾಡಿನ ನೀರೂ ಬೀಳುತ್ತದೆ, ಮರದಡಿ ಇಟ್ಟರೆ ಎಲೆಗಳು ಮಳೆಯನ್ನು ತಡೆಯುತ್ತವೆ. ಮರ, ಕಟ್ಟಡದ ಎತ್ತರದ ಕನಿಷ್ಠ ಎರಡು ಪಟ್ಟು ದೂರ ಬೇಕು. ಹವಾಮಾನ ಇಲಾಖೆ ಅಳೆಯುವಂತೆ ಬೆಳಿಗ್ಗೆ 8.30ಕ್ಕೆ ಅಳೆದರೆ ಪತ್ರಿಕೆಯ ಅಂಕಿಯ ಜೊತೆ ಹೋಲಿಸಬಹುದು.

ನೀರನ್ನು ಲೀಟರಿನಲ್ಲಿ ಅಳೆಯುತ್ತೇವೆ, ಮಳೆಯನ್ನೇಕೆ ಮಿಲಿಮೀಟರಿನಲ್ಲಿ? ಬಕೆಟ್ಟನ್ನೂ ಡಬ್ಬಿಯನ್ನೂ ಒಂದೇ ಮಳೆಯಲ್ಲಿಟ್ಟರೆ ಉತ್ತರ ಸಿಗುತ್ತದೆ. ಗೋಡೆ ನೇರವಾಗಿದ್ದರೆ ನೀರಿನ ಪ್ರಮಾಣ ಬೇರೆಯಾದರೂ ಎತ್ತರ ಒಂದೇ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ನೂರು ಚದರ ಮೀಟರಿನ ಶಾಲೆಯ ಮಾಡಿನ ಮೇಲೆ 25 ಮಿ.ಮೀ. ಬಿದ್ದರೆ 2,500 ಲೀಟರ್. ಬಿಸಿಯೂಟದ ಪಾತ್ರೆ ತೊಳೆಯಲು ಎಷ್ಟು ದಿನಕ್ಕೆ ಸಾಕು ಎಂಬ ಲೆಕ್ಕ ಆಮೇಲೆ ತಾನಾಗಿಯೇ ಬರುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮಕ್ಕಳಿಗೆ ಇದು ಹೊಸತಲ್ಲ. ಅಲ್ಲಿ ಮನೆಯ ಹಿರಿಯರು ಹೂಮಳೆ ಎಷ್ಟು ಸೆಂಟು ಬಿತ್ತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಅಜ್ಜನ ಪುಸ್ತಕದ ಇಂಚನ್ನು ಮಿಲಿಮೀಟರಿಗೆ ತಿರುಗಿಸುವುದೇ ಒಳ್ಳೆಯ ಮನೆಗೆಲಸ.

ಗಾಳಿಯ ಪಾಠಕ್ಕೆ ಎರಡು ಡಬ್ಬಿ, ಎರಡು ಥರ್ಮಾಮೀಟರ್ ಬೇಕು. ಒಂದರಲ್ಲಿ ಒಣ ಮರಳು, ಇನ್ನೊಂದರಲ್ಲಿ ನೀರು ತುಂಬಿ ಬಿಸಿಲಿಗಿಟ್ಟರೆ ಮರಳು ಬೇಗ ಕಾಯುತ್ತದೆ, ನೆರಳಿಗೆ ತಂದರೆ ಬೇಗ ಆರುತ್ತದೆ. ಮಧ್ಯಾಹ್ನ ಕಡಲಿನಿಂದ ಗಾಳಿ ಬೀಸುವುದೇಕೆ ಎಂಬುದಕ್ಕೆ ಇದು ಬಾಗಿಲು. ಮುಂಗಾರಿನ ಕಥೆ ಇದಕ್ಕಿಂತ ದೊಡ್ಡದು, ಆದರೆ ಕಾದ ನೆಲ, ತಂಪು ಕಡಲು ಅದರಲ್ಲೂ ಪಾತ್ರಧಾರಿಗಳೇ.

ಅಳತೆಯ ನಿಜವಾದ ಗಮ್ಮತ್ತು ಅಂಕಿಗಳು ಜಗಳವಾಡಿದಾಗ. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ಶಾಲೆಯ ಬಾಟಲಿ 12 ಮಿ.ಮೀ. ಎಂದು, ಪಂಚಾಯಿತಿಯ ಯಂತ್ರ 31 ಎಂದು ಹೇಳಿದರೆ ಬಾಟಲಿಯೇ ತಪ್ಪು ಎಂದು ತೀರ್ಮಾನಿಸಬೇಕಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಒಂದು ಕೇರಿಗೆ ಸುರಿದು ಪಕ್ಕದ ಕೇರಿಯನ್ನು ಬಿಟ್ಟುಹೋಗುವುದುಂಟು. ಬಾಟಲಿ ವಾಲಿತ್ತೇ, ಯಾರಾದರೂ ನೀರು ಚೆಲ್ಲಿದರೇ, ಮೋಡವೇ ಅಷ್ಟು ಚಿಕ್ಕದಿತ್ತೇ ಎಂದು ಮಕ್ಕಳೇ ಪಂಚಾಯಿತಿ ಮಾಡಲಿ.

ಕರಾವಳಿ, ಮಲೆನಾಡಿನ ಮೇಷ್ಟ್ರುಗಳಿಗೆ ಇನ್ನೊಂದು ತೊಡಕಿದೆ. ದಿನಕ್ಕೆ 115.5 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಅತಿ ಭಾರಿ ಮಳೆ ಎನ್ನುತ್ತದೆ; ಅಂಥ ಮುನ್ಸೂಚನೆ ಬಂದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಅಳೆಯಲೇಬೇಕಾದ ದಿನವೇ ಶಾಲೆಗೆ ಬೀಗ! ಹಾಗಾಗಿ ಅಲ್ಲಿ ಮಾಪಕ ಶಾಲೆಯ ಅಂಗಳದಲ್ಲೊಂದು ಇದ್ದರೆ ಸಾಲದು, ನಾಲ್ಕೈದು ಮಕ್ಕಳ ಮನೆಯಂಗಳದಲ್ಲೂ ಇರಬೇಕು. ಆಗುಂಬೆಯಂಥ ಊರಲ್ಲಿ ಎರಡು ಲೀಟರಿನ ಬಾಟಲಿ ಬೆಳಗಾಗುವುದರೊಳಗೆ ತುಂಬಿ ಚೆಲ್ಲಬಹುದು. ಅಲ್ಲಿ ಸಂಜೆಯೂ ಒಮ್ಮೆ ಅಳೆದು, ಬಗ್ಗಿಸಿ, ಮರುದಿನದ ಅಂಕಿಗೆ ಕೂಡಿಸಿಕೊಳ್ಳಬೇಕಾಗುತ್ತದೆ.