ಡಿಸೆಂಬರಿನ ಅಂಗಳಕ್ಕೆ ಯಾವ ಹೂಗಿಡ?

ಪುತ್ತೂರು, ಸುಳ್ಯ, ಕಡಬದಲ್ಲಿ ಚಳಿಗಾಲವೇ ಇಲ್ಲ, ಅದಕ್ಕೆಂದು ಬೇರೆ ಗಿಡ ಯಾಕೆ ಎನ್ನುವವರಿದ್ದಾರೆ. ಹಿಮ ಬೀಳುವುದಿಲ್ಲ, ನಿಜ. ಆದರೆ ಎಷ್ಟೋ ಗಿಡಗಳಿಗೆ ಚಳಿಗಿಂತ ರಾತ್ರಿಯ ಉದ್ದವೇ ಮುಖ್ಯ. ಡಿಸೆಂಬರಿನಲ್ಲಿ ನಮ್ಮ ಹಗಲು 11 ಗಂಟೆ 30 ನಿಮಿಷವೂ ಇರುವುದಿಲ್ಲ; ಜೂನಿಗಿಂತ ಸುಮಾರು ಒಂದೂವರೆ ಗಂಟೆ ಕಡಿಮೆ. ಪಾಯಿನ್ಸೆಟಿಯಾದ ತುದಿಯೆಲೆಗಳು ಕೆಂಪಾಗುವುದು ಈ ಉದ್ದ ರಾತ್ರಿಗಳಿಂದ. ರಾತ್ರಿಯಿಡೀ ಉರಿಯುವ ಜಗಲಿ ಲೈಟಿನ ಕೆಳಗಿಟ್ಟರೆ ಅದು ಹಸಿರಾಗಿಯೇ ಉಳಿದೀತು. ಗೊಬ್ಬರ ಸುರಿದು ಫಲವಿಲ್ಲ, ಕತ್ತಲೆ ಬೇಕು.

ಆದರೂ ನನ್ನ ಮೊದಲ ಆಯ್ಕೆ ಗೋರಟೆ. ತೆಳು ನೇರಳೆಯ ಕೊಳವೆ ಹೂ, ಐದು ಎಸಳು, ಬುಡದಲ್ಲಿ ಮುಳ್ಳಂಚಿನ ಪುಟ್ಟ ಎಲೆ. ಮಳೆ ನಿಂತ ಮೇಲೆ ಅರಳುವ ಈ ಗಿಡ ಒಣ ನೆಲವನ್ನೂ ತಡೆದುಕೊಳ್ಳುತ್ತದೆ. ಬಾವಿ ನೀರು ಇಳಿಯತೊಡಗಿ, ಇದ್ದದ್ದೂ ಅಡಿಕೆ ತೋಟಕ್ಕೆ ಬೇಕಾಗುವ ತಿಂಗಳುಗಳಲ್ಲಿ ಇದು ದೊಡ್ಡ ಗುಣ. ನರ್ಸರಿಯ ಪೆಟೂನಿಯಾ ಚಂದವೇ, ಆದರೆ ದಿನಾ ನೀರು ಕೇಳುತ್ತದೆ, ಬೇಸಿಗೆಯ ಸೆಕೆಗೆ ಮುಗಿದುಹೋಗುತ್ತದೆ. ಗೋರಟೆ ಮಳೆಗಾಲವಿಡೀ ಬರೀ ಪೊದೆ ಎಂಬ ಆಕ್ಷೇಪವೂ ನ್ಯಾಯವೇ. ಅದಕ್ಕೇ ಪಕ್ಕದಲ್ಲಿ ಕೇಪಳವಿರಲಿ: ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಗಿಡ, ವರ್ಷವಿಡೀ ಮಿರುಗುವ ದಪ್ಪ ಎಲೆ, ಕೆಂಪು ಗೊಂಚಲಿಗೆ ಚಿಟ್ಟೆಗಳ ಸಾಲು. ಫೆಬ್ರವರಿಯಲ್ಲಿ ಹೂ ಮುಗಿದ ಗೋರಟೆಯನ್ನು ಮೊಣಕಾಲೆತ್ತರಕ್ಕೆ ಸವರಿ. ಜೂನಿನ ಮಳೆಗೆ ಬಲಿತ ಗೆಲ್ಲು ಚುಚ್ಚಿದರೆ ಬೇರು ಬಿಡುತ್ತದೆ, ನರ್ಸರಿಗೆ ಹೋಗಬೇಕೆಂದೇ ಇಲ್ಲ.